ಈಜುಕೊಳದ ಅಡಿಯ ಕಪ್ಪು ಮಚ್ಚೆ

ಕಂತು ಏಳು

“ಇನ್ನೊಂದು ಸಲ ಹೊಡೀರಿ ಮೇಷ್ಟ್ರೇ. ಈ ಸಲ ಸಿಟ್ಟು ಬೇಡ, ಬರೀ ಶಕ್ತಿ ಸಾಕು.”

ಈಜು ಮೇಷ್ಟ್ರು ಎಂಟು ಕಿಲೋ ತೂಕದ ಸುತ್ತಿಗೆಯನ್ನು ತಲೆಯ ಮೇಲಕ್ಕೆತ್ತಿ, ನೆಲದ ಮೇಲಿಟ್ಟಿದ್ದ ಕಬ್ಬಿಣದ ತಟ್ಟೆಗೆ ಬೀಸಿ ಹೊಡೆದರು. ಧಡ್! ನೀರಿಲ್ಲದ ಈಜುಕೊಳದ ನಾಲ್ಕೂ ಗೋಡೆಗಳು ಆ ಸದ್ದನ್ನು ಒಂದರಿಂದೊಂದಕ್ಕೆ ಎಸೆದಾಡಿದವು.

“ಹದಿನೇಳು!” ಎಂದು ಮೇಷ್ಟ್ರು ಕೂಗಿದರು. ವಯಸ್ಸು ಎಪ್ಪತ್ತಾದರೂ ಭುಜ ಇನ್ನೂ ಈಜುಗಾರನದೇ. “ಇಪ್ಪತ್ತಕ್ಕೆ ನಿಲ್ಲಿಸಬೇಕಾ? ಇನ್ನೂ ನೂರು ಬೇಕಾದ್ರೂ ಹೊಡೀತೀನಿ. ಹದಿನಾಲ್ಕು ತಿಂಗಳ ಹೊಟ್ಟೆಯುರಿ ಇದೆ ನನ್ನ ಹತ್ರ.”

“ಹೊಟ್ಟೆಯುರಿ ಎಲ್ಲ ರೆಕಾರ್ಡ್ ಆಗುತ್ತೆ, ಹುಷಾರು,” ಎಂದಳು ಗುಬ್ಬಿ.

ಗುಬ್ಬಿ ಕೊಳದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ನೆಲದೊಳಗಿನ ಚಿತ್ರ ತೆಗೆಯುವುದು ವಿಶ್ವವಿದ್ಯಾಲಯದಲ್ಲಿ ಅವಳ ಕಸುಬು. ಪಕ್ಕದಲ್ಲಿ ದೊಡ್ಡ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಪೂಜೆಗೆ ಕೂತವರಂತೆ ಕೂತಿದ್ದವರು ಅವಳ ಸೋದರತ್ತೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಊರಿನವರ ಬಿಡಿಸಲಾಗದ ಗಂಟುಗಳನ್ನು ಬಿಡಿಸುತ್ತ ಕೂತವರು.

ಈ ಸಲದ ಗಂಟು ಈಜು ಮೇಷ್ಟ್ರದ್ದು. ಒಂದು ವರದಿಯ ಚಿತ್ರದಲ್ಲಿ ಕೊಳದ ಆಳದ ತುದಿಯ ಕೆಳಗೆ ಬಸ್ಸಿನಷ್ಟು ದೊಡ್ಡ ಕಪ್ಪು ಮಚ್ಚೆ ಕಾಣಿಸಿ, ಅಲ್ಲಿ ನೆಲ ಪೊಳ್ಳು ಎಂದು ಹದಿನಾಲ್ಕು ತಿಂಗಳ ಹಿಂದೆ ನಗರಸಭೆ ಕೊಳಕ್ಕೆ ಬೀಗ ಜಡಿದಿತ್ತು. ಸೋಮವಾರ ಲಾರಿಗಳು ಬಂದು ಕೊಳಕ್ಕೆ ಮಣ್ಣು ತುಂಬಲಿದ್ದವು. ಇವತ್ತು ಗುರುವಾರ.

ಬೀಗ ಬಿದ್ದ ಮೇಲೂ ಮೇಷ್ಟ್ರು ದಿನಾ ಬೆಳಿಗ್ಗೆ ಬಂದು ಒಣ ಕೊಳವನ್ನು ಗುಡಿಸುತ್ತಿದ್ದರು. ನೆಲದ ಟೈಲ್ಸ್‌ಗಳು ಹಾಗಾಗಿ ಫಳಫಳ ಹೊಳೆಯುತ್ತಿದ್ದವು. ಅವುಗಳ ಮೇಲೆ ಸಾಲಾಗಿ, ಆಚೆ ಈಚೆಯ ಹುಲ್ಲಿನ ಮೇಲೂ ಸೇರಿ, ಮುಷ್ಟಿ ಗಾತ್ರದ ನಲವತ್ತೆಂಟು ಕಿತ್ತಳೆ ಬಣ್ಣದ ಡಬ್ಬಿಗಳು ಕೂತಿದ್ದವು. ಸುತ್ತಿಗೆಯ ಪೆಟ್ಟು ನೆಲದೊಳಗೆ ಅಲೆಯಾಗಿ ಇಳಿದು, ಬಂಡೆಗೆ ತಾಗಿ ಮರಳಿ ಬಂದಾಗ, ಅದನ್ನು ಹಿಡಿಯುವ ಕಿವಿಗಳು ಅವು.

ಇಪ್ಪತ್ತನೆಯ ಪೆಟ್ಟು ಬಿತ್ತು. ಮೇಷ್ಟ್ರು ಸುತ್ತಿಗೆ ಕೆಳಗಿಟ್ಟು ಓಡಿಬಂದರು.

“ಒಂದೇ ಜಾಗದಲ್ಲಿ ಇಪ್ಪತ್ತು ಸಲ ಯಾಕೆ? ಭೂಮಿಗೆ ಕಿವುಡಾ?”

“ಟ್ರಂಕ್ ಕಾಲ್ ಕಾಲ ನೆನಪಿಲ್ವಾ ನಿಮಗೆ?” ಎಂದರು ಅತ್ತೆ, ಕಣ್ಣು ತೆರೆಯದೆ. “ಗೊರಗೊರ ಲೈನಿನಲ್ಲಿ ಒಂದೇ ಮಾತನ್ನ ಹತ್ತು ಸಲ ಹೇಳಿಸ್ತಿದ್ವಿ. ಗೊರಗೊರ ಪ್ರತಿ ಸಲ ಬೇರೆ, ಮಾತು ಮಾತ್ರ ಅದೇ. ಕೊನೆಗೆ ಉಳಿಯೋದು ಮಾತು.”

“ಅಷ್ಟೇ,” ಎಂದಳು ಗುಬ್ಬಿ. “ಇಪ್ಪತ್ತನ್ನೂ ಒಂದರ ಮೇಲೊಂದು ಕೂಡಿಸಿದ್ರೆ ರಸ್ತೆಯ ಗಲಾಟೆ ಕರಗುತ್ತೆ. ಬಂಡೆಯ ಉತ್ತರ ಉಳಿಯುತ್ತೆ.”

ಪರದೆಯ ಮೇಲೆ ಚಿತ್ರ ಮೆಲ್ಲಗೆ ಮೂಡಿತು. ಅಡ್ಡಡ್ಡ ಗೆರೆಗಳು, ಪದರದ ಮೇಲೆ ಪದರ. ಆಳದ ತುದಿಯ ಹತ್ತಿರ ಬರುತ್ತಿದ್ದಂತೆ ಗೆರೆಗಳು ಕುಸಿದು, ಕಲಸಿಹೋಗಿ, ಬೂದಿ ಬಣ್ಣದ ಒಂದು ಕಲೆಯಾದವು.

ಮೇಷ್ಟ್ರ ಮುಖ ಬಾಡಿತು. “ಇದೆ ಹಾಗಾದ್ರೆ. ಮಚ್ಚೆ ಇದೆ.”

ಗುಬ್ಬಿ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಅವಳಿಗೆ ಆರು ವರ್ಷವಾಗಿದ್ದಾಗ ಇದೇ ಕೊಳದಲ್ಲಿ ಮೇಷ್ಟ್ರು ಈಜು ಕಲಿಸಿದ್ದರು. ಅರ್ಧ ಕೊಳ ಕುಡಿದೇ ಕಲಿತಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರೂ ಅವರೇ. ಅವರಿಗೆ ಸುಳ್ಳು ಸಮಾಧಾನ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ಮೇಷ್ಟ್ರೇ, ಅಳೋದು ಆಮೇಲೆ ಮಾಡಿ,” ಎಂದರು ಅತ್ತೆ. “ಮೊದಲು ಹೇಳಿ, ಈ ತುದೀಲಿ ಹಿಂದೆ ಏನಾದ್ರೂ ಇತ್ತಾ?”

“ಇಲ್ಲೇನಿತ್ತು... ಅಂಚಿನಾಚೆ ಹಳೇ ಪಂಪ್ ಮನೆ ಇತ್ತು. ಕೆಡವಿದ ಮೇಲೆ ಗುಂಡಿಗೆ ಮರಳು ತುಂಬಿಸಿದ್ದು ನಾನೇ. ಇಪ್ಪತ್ತು ವರ್ಷದ ಮೇಲಾಯ್ತು.”

ಗುಬ್ಬಿ ಕುರ್ಚಿಯಿಂದ ನೆಗೆದು ನಿಂತಳು. “ಮರಳಾ! ಇದನ್ನ ಈಗ ಹೇಳ್ತೀರಾ?”

“ನೀನು ಕೇಳ್ಲಿಲ್ಲವಲ್ಲಮ್ಮ!”

“ಗಟ್ಟಿ ನೆಲದಲ್ಲಿ ಅಲೆ ಓಡುತ್ತೆ, ಸಡಿಲ ಮರಳಲ್ಲಿ ತೆವಳುತ್ತೆ. ತಡವಾಗಿ ವಾಪಸ್ ಬಂದಿದ್ದನ್ನ ಕಂಪ್ಯೂಟರು ದೂರದಿಂದ ಬಂತು ಅಂದ್ಕೊಳ್ಳುತ್ತೆ. ಅದಕ್ಕೇ ಗೆರೆಗಳು ಕುಸಿದ ಹಾಗೆ ಕಾಣೋದು. ಮರಳಿಗೆ ಅದರದೇ ವೇಗ ಕೊಡಬೇಕು. ಒಂದು ನಿಮಿಷ ತಡೀರಿ.”

ಒಂದು ನಿಮಿಷ ಅರ್ಧ ಗಂಟೆಯಾಯಿತು. ಗುಬ್ಬಿಯ ಬೆರಳುಗಳು ಕೀಲಿಗಳ ಮೇಲೆ ಕುಣಿದವು. ಹೊಸ ಚಿತ್ರದಲ್ಲಿ ಕುಸಿದ ಗೆರೆಗಳು ಮೇಲೆದ್ದು ನೆಟ್ಟಗಾದವು. ಆದರೂ ನಡುವೆ ಒಂದು ಕಡೆ ಚಿಕ್ಕ ಬಿರುಕು ಉಳಿಯಿತು, ಹಲ್ಲಿನ ಸಾಲಿನಲ್ಲಿ ಒಂದು ಹಲ್ಲು ಬಿದ್ದಂತೆ.

“ಇದ್ಯಾಕೆ ಹೋಗ್ತಿಲ್ಲ?” ಗುಬ್ಬಿ ತಲೆ ಕೆರೆದುಕೊಂಡಳು.

ಅತ್ತೆ ಕೈ ಚಾಚಿದರು. “ಒಂದೊಂದೇ ಡಬ್ಬಿಯ ಸದ್ದು ನನಗೆ ಕೇಳಿಸು.”

ನೆಲದ ಕಂಪನ ಮನುಷ್ಯರ ಕಿವಿಗೆ ಎಟುಕದಷ್ಟು ನಿಧಾನ. ಗುಬ್ಬಿ ಅದನ್ನು ಎಂಟು ಪಟ್ಟು ವೇಗ ಮಾಡಿ ಕೇಳಿಸಿದಳು. ಅತ್ತೆ ಬೆರಳಲ್ಲಿ ಎಣಿಸುತ್ತ ಹೋದರು. ಮೂವತ್ತೊಂದಕ್ಕೆ ಬಂದಾಗ ಹುಬ್ಬೇರಿತು.

“ಇವನು ನೋಡು. ಎಲ್ಲರೂ ‘ಹೂಂ’ ಅಂದಾಗ ಇವನೊಬ್ಬ ‘ಊಹೂಂ’ ಅಂತಾನೆ.”

ಗುಬ್ಬಿ ಕೊಳದೊಳಗೆ ಇಳಿದು ಮೂವತ್ತೊಂದನೆಯ ಡಬ್ಬಿಯ ವೈರು ನೋಡಿದಳು. ಎರಡು ತಂತಿಗಳು ಅದಲುಬದಲಾಗಿ ಕೂತಿದ್ದವು. ನೆಲ ಮೇಲೆದ್ದರೆ ಈ ಡಬ್ಬಿ ಕೆಳಗಿಳಿಯಿತು ಎಂದು ಬರೆದುಕೊಳ್ಳುತ್ತಿತ್ತು.

“ಅತ್ತೇ, ನನ್ನ ಪ್ರೊಫೆಸರ್‌ಗೂ ಇಂಥಾ ಕಿವಿ ಇಲ್ಲ!”

“ನಿನ್ನ ಪ್ರೊಫೆಸರು ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ್ರಾ?”

ಆ ಡಬ್ಬಿಯ ಮಾತನ್ನು ತಿರುಗಿಸಿ ಕೂಡಿಸಿದಾಗ ಬಿರುಕು ಮಾಯವಾಯಿತು. ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ, ಹಾಸಿದ ಕಂಬಳಿಗಳಂತೆ ಸಲೀಸಾಗಿ ಹರಡಿದ್ದವು. ಆರು ಮೀಟರಿಗೆ ದಪ್ಪನೆಯ ಒಂದು ಗೆರೆ. ಅದರ ಕೆಳಗೆ ಎಲ್ಲವೂ ಶಾಂತ.

“ಇದೇನು?” ಮೇಷ್ಟ್ರು ದಪ್ಪ ಗೆರೆಯ ಮೇಲೆ ಬೆರಳಿಟ್ಟರು.

“ಬಂಡೆ,” ಎಂದಳು ಗುಬ್ಬಿ. “ಅಖಂಡ ಬಂಡೆ. ಆನೆಗಳನ್ನ ತಂದು ಕುಣಿಸಿದ್ರೂ ಅಲ್ಲಾಡಲ್ಲ.”

ಮೇಷ್ಟ್ರು ಚಪ್ಪಲಿ ಬಿಚ್ಚಿ, ಮೆಟ್ಟಿಲಿಳಿದು, ಒಣ ಕೊಳದ ನಡುವೆ ಹೋಗಿ, ಟೈಲ್ಸ್ ಮೇಲೆ ಅಂಗಾತ ಮಲಗಿ, ಗಾಳಿಯಲ್ಲಿ ಕೈಕಾಲು ಬಡಿಯುತ್ತ ಬೆನ್ನೀಜು ಶುರು ಮಾಡಿದರು.

“ಮೊಣಕಾಲು ಬಾಗಿಸಬೇಡಿ ಮೇಷ್ಟ್ರೇ!” ಗುಬ್ಬಿ ಅಂಚಿನಿಂದ ಕೂಗಿದಳು. ಇಪ್ಪತ್ತಮೂರು ವರ್ಷದ ಹಿಂದಿನ ಬಾಕಿ ತೀರಿತು ಎನ್ನುವಷ್ಟು ಖುಷಿ ಅವಳಿಗೆ.

ಅತ್ತೆಯೂ ನಕ್ಕರು. ನಗುತ್ತಲೇ ಚೀಲದಿಂದ ಚಿಕ್ಕ ಡೈರಿ ತೆಗೆದು ಒಂದು ಸಾಲು ಹೊಡೆದು ಹಾಕಿದರು. ಮೇಲೆ ಬಂದ ಮೇಷ್ಟ್ರು ಬಗ್ಗಿ ನೋಡಿದರು. ಅನುಮಾನದವರ ಪಟ್ಟಿಯಲ್ಲಿ ಮೂರು ಜನರಿದ್ದರು: ಎದುರಿನ ವ್ಯಾಯಾಮಶಾಲೆಯವನು, ವರದಿ ಬರೆದ ಎಂಜಿನಿಯರು, ಮತ್ತು...

“ಈಜು ಮೇಷ್ಟ್ರು? ನಾನೂ ಇದ್ನಾ ಇದರಲ್ಲಿ?”

“ಇದ್ರಿ. ಈಗ ಇಲ್ಲ. ಕೆಲಸದಿಂದ ಬೇಸತ್ತು ನೀವೇ ಮುಚ್ಚಿಸಿರಬಹುದು ಅಂತ ಒಂದು ಅನುಮಾನ. ಗಾಳೀಲಿ ಈಜೋರಿಗೆ ಅಷ್ಟು ಬೇಸರ ಇರಲ್ಲ ಬಿಡಿ.”

ಮೇಷ್ಟ್ರು ಮುಖ ಊದಿಸಿಕೊಂಡರು. ಎರಡು ನಿಮಿಷವೂ ಉಳಿಯಲಿಲ್ಲ ಆ ಸಿಟ್ಟು.

ಗುಬ್ಬಿ ಅಷ್ಟರಲ್ಲಿ ಹಳೆಯ ವರದಿಯ ಚಿತ್ರವನ್ನು ಹೊಸದರ ಪಕ್ಕದಲ್ಲಿಟ್ಟಿದ್ದಳು. ನೋಡುತ್ತ ನೋಡುತ್ತ ಅವಳ ನಗು ನಿಂತಿತು.

“ಅತ್ತೆ, ಇವರು ಮಚ್ಚೆಯನ್ನ ತಪ್ಪಾಗಿ ಕಂಡಿದ್ದಲ್ಲ. ನೋಡಿ, ಇಲ್ಲಿ ಬಂಡೆ ಆರು ಮೀಟರಿಗೆ ಸಿಗುತ್ತೆ. ಅವರ ಚಿತ್ರದಲ್ಲಿ ಹನ್ನೊಂದಕ್ಕೆ. ಪದರಗಳ ಓರೆಯೂ ಬೇರೆ. ಎಷ್ಟೇ ಕೆಟ್ಟದಾಗಿ ಲೆಕ್ಕ ಹಾಕಿದ್ರೂ ಇದು ಅದಾಗಲ್ಲ.”

“ಅಂದ್ರೆ?”

“ಬೇರೆ ಯಾರದೋ ಎಕ್ಸ್‌ರೇ ಮೇಲೆ ನಮ್ಮ ಕೊಳದ ಹೆಸರು ಬರೆದಿದ್ದಾರೆ.”

ಅತ್ತೆ ಡೈರಿ ಮುಚ್ಚಿದರು. “ಅವರ ಮೂಲ ರೆಕಾರ್ಡು ನಗರಸಭೆಯಿಂದ ತರಿಸಿದ್ಯಲ್ಲ? ಹಾಕು.”

ಸುತ್ತಿಗೆ ಹೊಡೆಯುವ ಮುಂಚೆ ನೆಲ ಎಷ್ಟು ಗಲಾಟೆಯಲ್ಲಿದೆ ಎಂದು ತಿಳಿಯಲು ಎರಡು ನಿಮಿಷ ಸುಮ್ಮನೆ ರೆಕಾರ್ಡ್ ಮಾಡುವುದು ಈ ಕಸುಬಿನವರ ಪದ್ಧತಿ. ಆ ಭಾಗವನ್ನು ಯಾರೂ ಕೇಳುವುದಿಲ್ಲ. ಅತ್ತೆ ಮೂರು ಸಲ ಕೇಳಿದರು. ಎಂಟು ಪಟ್ಟು ವೇಗದಲ್ಲಿ ಅದು ಜೀರುಂಡೆಯ ಹಾಗಿತ್ತು: ಟಕಟಕಟಕ, ಸರ್. ಟಕಟಕಟಕ, ಸರ್. ಅವರು ಅದನ್ನು ಎಂಟು ಪಟ್ಟು ನಿಧಾನಿಸಿ ತೊಡೆಯ ಮೇಲೆ ತಾಳ ಹಾಕಿದರು.

“ಧಬ್. ಧಬ್. ಧಬ್. ಆಮೇಲೆ ಸ...ರ್ರ್. ಯಾವುದೋ ಯಂತ್ರ. ಇಲ್ಲಿ ಇವತ್ತು ಇಂಥ ಸದ್ದು ಕೇಳ್ತಾ?”

“ಇಲ್ಲ.”

“ಇವತ್ತೇನು, ಯಾವತ್ತೂ ಇಲ್ಲ,” ಎಂದರು ಮೇಷ್ಟ್ರು. “ಈ ಬೀದೀಲಿ ಯಂತ್ರ ಅಂತ ಇರೋದು ನನ್ನ ಗೋಡೆ ಗಡಿಯಾರ ಒಂದೇ.”

ಮಧ್ಯಾಹ್ನ ಮೂರೂವರೆಗೆ ಅತ್ತೆ ಮತ್ತು ಗುಬ್ಬಿ ಎಂಜಿನಿಯರರ ಕಚೇರಿಯಲ್ಲಿದ್ದರು. ನಾಲ್ಕು ಮಹಡಿಯ ಕಟ್ಟಡದ ಎರಡನೆಯ ಮಹಡಿ. ಗೋಡೆಗೆ ಒರಗಿಸಿದ ನಕ್ಷೆಯ ಕೊಳವೆಗಳು, ಮೊಳೆಗೆ ನೇತುಹಾಕಿದ ಉಕ್ಕಿನ ಅಳತೆಪಟ್ಟಿಗಳು, ಮೇಜಿನ ಮೇಲೆ ಚೂಪು ಮಾಡಿಟ್ಟ ಪೆನ್ಸಿಲ್ಲುಗಳು. ಎಂಜಿನಿಯರು ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಇನ್ನೊಂದು ಪೆನ್ಸಿಲ್ಲು.

ಅವರು ಗುಬ್ಬಿಯ ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಚೆನ್ನಾಗಿದೆ. ಮರಳಿನ ತಿದ್ದುಪಡಿ ಸರಿಯಾಗಿ ಮಾಡಿದ್ದೀಯಮ್ಮ. ಆದ್ರೆ ನನ್ನ ಮಚ್ಚೆ ಸುಳ್ಳು ಅಂತ ಹೇಳೋಕೆ ಬಂದಿದ್ರೆ, ದಯವಿಟ್ಟು ಎದ್ದು ಹೋಗಿ. ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಪೊಳ್ಳು ಯಾವುದು, ಕಲೆ ಯಾವುದು ನನಗೆ ಗೊತ್ತು.”

“ಯಾರು ಸುಳ್ಳು ಅಂದ್ರು?” ಎಂದರು ಅತ್ತೆ. “ನಿಮ್ಮ ಮಚ್ಚೆ ನಿಜ. ವಿಳಾಸ ಸುಳ್ಳು. ಇದು ರಾಂಗ್ ನಂಬರ್ ಕಣ್ರೀ.”

ಎಂಜಿನಿಯರು ಚಿತ್ರವನ್ನು ಮೇಜಿನ ಮೇಲಿಟ್ಟರು. ಅತ್ತೆ ಮುಂದುವರಿಸಿದರು.

“ಕೊಳ ಪರೀಕ್ಷೆ ಮಾಡಿದ ವಾರ ಬೇರೆ ಎಲ್ಲಾದ್ರೂ ಸುತ್ತಿಗೆ ಹೊಡೆದಿದ್ರಾ?”

“ಹೊಡೆದಿದ್ದೆ. ಎರಡು ಕೆಲಸ ಇತ್ತು. ಆದ್ರೆ ಅದಲುಬದಲು ಆಗೋ ಸಾಧ್ಯತೆಯೇ ಇಲ್ಲ. ರೆಕಾರ್ಡಿನ ಪ್ರತಿ ಡಿಸ್ಕಿಗೂ ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಚೀಟಿ. ನಾನು ಚೀಟಿ ಅಂಟಿಸೋದು ಎಡಗಡೆ ಮೇಲಿನ ಮೂಲೆಗೆ. ಮನೇಲಿ ಉಪ್ಪಿನ ಡಬ್ಬಿಗೂ ಹಾಗೇ. ನನ್ನ ಹೆಂಡತಿ ನಗ್ತಾಳೆ.”

ಅವರು ಎದ್ದು ಕಬ್ಬಿಣದ ಬೀರುವಿನಿಂದ ಎರಡು ಪೆಟ್ಟಿಗೆ ತಂದು ಮೇಜಿನ ಮೇಲೆ ಬಡಿದಿಟ್ಟರು. “ನೋಡಿ ಬೇಕಾದ್ರೆ!”

ಅತ್ತೆ ನೋಡಿದರು. ಗುಬ್ಬಿಯೂ ನೋಡಿದಳು. ಕೊನೆಗೆ ಎಂಜಿನಿಯರೂ ನೋಡಿದರು.

ಎರಡೂ ಪೆಟ್ಟಿಗೆಗಳ ಮೇಲೆ ಚೀಟಿ ನಟ್ಟನಡುವೆ ಇತ್ತು. ಎಡಗಡೆ ಮೇಲಿನ ಮೂಲೆಯಲ್ಲಿ ಚೌಕಾಕಾರದ ಒಣ ಗೋಂದಿನ ಗುರುತು, ಅದರ ಮೇಲೆ ಧೂಳು.

ಕಿವಿಯ ಮೇಲಿನ ಪೆನ್ಸಿಲ್ಲು ಜಾರಿ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ.

“ಇದು ನಾನು ಅಂಟಿಸಿದ್ದಲ್ಲ,” ಎಂದರು ನಿಧಾನವಾಗಿ. “ಬರವಣಿಗೆ ನನ್ನದು, ಅಂಟಿಸಿದ ಕೈ ನನ್ನದಲ್ಲ. ಯಾರೋ ಕಿತ್ತು, ಅದನ್ನ ಇದಕ್ಕೆ ಇದನ್ನ ಅದಕ್ಕೆ ಹಚ್ಚಿದ್ದಾರೆ. ಒಂದು ವಾರ ಆದ ಮೇಲೆ ನಾನು ಚೀಟಿ ನಂಬಿ ಚಿತ್ರ ಬರೆದೆ, ಸಹಿ ಹಾಕಿದೆ. ಅಯ್ಯೋ, ಆ ಮೇಷ್ಟ್ರು! ನನ್ನ ಮಗಳಿಗೆ ಈಜು ಕಲಿಸಿದ್ದೂ ಅವರೇ.”

ಅವರ ಕಣ್ಣು ತುಂಬಿದ್ದು ನೋಡಿ ಗುಬ್ಬಿಗೆ ಪಾಪ ಎನಿಸಿತು. ಅತ್ತೆಗೆ ಮಾತ್ರ ಪುರುಸೊತ್ತಿರಲಿಲ್ಲ.

“ಕೊಳಕ್ಕೆ ಬೇರೆಯವರ ಮಚ್ಚೆ ಹೋಯ್ತು ಅಂದ್ರೆ, ಆ ಬೇರೆಯವರಿಗೆ ಕೊಳದ ಬಂಡೆ ಹೋಯ್ತು. ಪೊಳ್ಳು ನೆಲದ ಮೇಲೆ ಕೂತವರಿಗೆ ‘ಗಟ್ಟಿ ಇದೆ’ ಅಂತ ನಿಮ್ಮ ಸಹಿ ಸಿಕ್ಕಿದೆ. ಎಲ್ಲಿ ಅದು? ಈ ಯಂತ್ರ ಇರೋ ಜಾಗ.”

ಕೇಳುತ್ತಲೇ ಅತ್ತೆ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿದರು. ಧಬ್, ಧಬ್, ಧಬ್, ಸ...ರ್ರ್.

ಎಂಜಿನಿಯರು ಉತ್ತರಿಸುವ ಮೊದಲೇ ಉತ್ತರ ಬಂತು. ಮೊಳೆಗೆ ನೇತುಹಾಕಿದ್ದ ಉಕ್ಕಿನ ಪಟ್ಟಿಗಳು ಗೋಡೆಗೆ ತಾಗಿ ಕಿಣ್, ಕಿಣ್, ಕಿಣ್ ಎಂದವು. ಆಮೇಲೆ ಕಾಲಡಿಯಲ್ಲಿ ಏನೋ ಉದ್ದಕ್ಕೆ ಸರಿದಂತೆ ನೆಲ ಸಣ್ಣಗೆ ನಡುಗಿತು. ಮತ್ತೆ ಕಿಣ್, ಕಿಣ್, ಕಿಣ್.

ಅತ್ತೆಯ ಬೆರಳು ಮೇಜಿನ ಮೇಲೇ ನಿಂತಿತು.

“ಕೆಳಗೆ ಏನಿದೆ?”

“ನೋಟ್‌ಬುಕ್ ಕಾರ್ಖಾನೆ,” ಎಂದರು ಎಂಜಿನಿಯರು, ಗೋಡೆಯಷ್ಟೇ ಬಿಳಿಚಿಕೊಂಡು. “ಕಾಗದ ಕತ್ತರಿಸೋ ಯಂತ್ರ. ಎರಡನೇ ಕೆಲಸ ಇದೇ ಕಟ್ಟಡದ್ದು. ಮೇಲೆ ಎರಡು ಮಹಡಿ ಏರಿಸೋಕೆ ಮುಂಚೆ ನೆಲ ಪರೀಕ್ಷೆ ಮಾಡಿಸಬೇಕು ಅಂತ ನಗರಸಭೆ ಹೇಳಿತ್ತು. ಗಟ್ಟಿ ಇದೆ ಅಂತ ನಾನೇ ಬರೆದುಕೊಟ್ಟೆ.”

ಗುಬ್ಬಿ ತಲೆಯೆತ್ತಿ ಮೇಲ್ಛಾವಣಿ ನೋಡಿದಳು. ಹೊಸ ಎರಡು ಮಹಡಿಗಳು ಅದರ ಮೇಲಿದ್ದವು.

“ಈ ಬೀರುವಿನ ಕೀಲಿ ಯಾರ ಹತ್ರ ಇರುತ್ತೆ?” ಅತ್ತೆಯ ದನಿ ಏರಲಿಲ್ಲ.

“ನನ್ನ ಹತ್ರ. ಕಚೇರಿ ಕೀಲಿಯ ಜೊತೆ ಇನ್ನೊಂದು ಯಜಮಾನರ ಹತ್ರ ಇದೆ. ಕಟ್ಟಡ ಅವರದು, ಕಾರ್ಖಾನೆ ಅವರದು, ಬೀರುವೂ ಅವರೇ ಕೊಟ್ಟಿದ್ದು.”

ಅತ್ತೆ ಮೇಜಿನ ಮೇಲಿದ್ದ ಇಂಟರ್‌ಕಾಮ್ ಎತ್ತಿಕೊಂಡರು. ಗಂಟಲು ಸರಿ ಮಾಡಿಕೊಂಡರು. ಮೂವತ್ತೊಂದು ವರ್ಷ ಊರಿಗೆ ಊರೇ ಮಾತು ನಿಲ್ಲಿಸಿ ಕೇಳುತ್ತಿದ್ದ ಆ ದನಿ, ಸಿಹಿಯಾದರೂ ಎದುರಾಡಲು ಬಿಡದ ಆ ದನಿ, ಮತ್ತೆ ಹೊರಟಿತು.

“ನಮಸ್ಕಾರ. ಇದು ತುರ್ತು ಕರೆ. ದಯವಿಟ್ಟು ಯಂತ್ರ ನಿಲ್ಲಿಸಿ, ಎಲ್ಲರೂ ಎದುರಿನ ಪಾದಚಾರಿ ರಸ್ತೆಗೆ ಬನ್ನಿ. ಓಡಬೇಡಿ. ಚೀಲ ಹುಡುಕಬೇಡಿ. ಪಕ್ಕದವರ ಕೈ ಹಿಡ್ಕೊಂಡು ಬನ್ನಿ. ಧನ್ಯವಾದ.”

ಇದನ್ನೇ ಮೇಲಿನ ಎರಡು ಮಹಡಿಗಳಿಗೂ ಹೇಳಿದರು. ಯಾರೂ ಯಾಕೆ ಎಂದು ಕೇಳಲಿಲ್ಲ. ಐದು ನಿಮಿಷದಲ್ಲಿ ಇಡೀ ಕಟ್ಟಡ ಎದುರಿನ ಬದಿಗೆ ಬಂದು ನಿಂತಿತ್ತು. ಬಿಸಿಲು ಚೆನ್ನಾಗಿತ್ತು. ಏಪ್ರನ್ ತೊಟ್ಟ ಹೆಂಗಸರು ಕೂದಲಿನ ಕಾಗದದ ಚೂರು ಕೊಡವಿಕೊಂಡರು. ಯಾರೋ ಇದೊಂದು ಅಭ್ಯಾಸ ಎಂದುಕೊಂಡು ಚಪ್ಪಾಳೆ ತಟ್ಟಿದರು. ಕೈ ಹಿಡಿಯಿರಿ ಎಂದದ್ದನ್ನೇ ನೆಪ ಮಾಡಿಕೊಂಡ ಒಂದು ಜೋಡಿ ಇನ್ನೂ ಕೈ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಫೋನು ಹೊಡೆದುಕೊಂಡಿತು. ಮೇಷ್ಟ್ರು.

“ನೀರು ಬಿಟ್ಟುಬಿಟ್ಟೆ!” ಹಿಂದೆ ನೂರು ಮಕ್ಕಳ ಕಿರುಚಾಟ. “ಅನುಮತಿ ಗಿನುಮತಿ ನಾಳೆ ನೋಡ್ಕೊಳ್ಳೋಣ. ಪಾದ ಮುಳುಗೋಷ್ಟು ಬಂದಿದೆ ಅಷ್ಟೇ. ಬೀದಿಗೆ ಬೀದಿಯೇ ಬಟ್ಟೆ ಸಮೇತ ಇಳಿದಿದೆ! ನಗರಸಭೆ ಅಧಿಕಾರಿ ಬೈಯೋಕೆ ಅಂತ ಬಂದವರು ಈಗ ಪ್ಯಾಂಟು ಮಡಚ್ತಿದ್ದಾರೆ. ಕೇಳಿಸ್ತಿದೆಯಾ?”

ಅತ್ತೆ ಫೋನನ್ನು ಗುಬ್ಬಿಯ ಕಿವಿಗೆ ಹಿಡಿದರು. ಆಮೇಲೆ, ಸ್ವಲ್ಪ ಯೋಚಿಸಿ, ಎಂಜಿನಿಯರರ ಕಿವಿಗೂ ಹಿಡಿದರು. ನೀರಿನ ಚಪಚಪ ಕೇಳಿದ ಆ ತೆಳ್ಳಗಿನ ಮನುಷ್ಯನ ಮುಖದಲ್ಲಿ ಆ ದಿನದ ಮೊದಲ ನಗು ಮೂಡಿತು.

“ಸೋಮವಾರದ ಲಾರಿಗಳನ್ನ ನಾನೇ ನಿಲ್ಲಿಸ್ತೀನಿ,” ಎಂದರು. “ನನ್ನ ತಪ್ಪು ಅಂತ ನಾನೇ ಬರೆದುಕೊಡ್ತೀನಿ. ದೊಡ್ಡಕ್ಷರದಲ್ಲಿ.”

“ಎಡಗಡೆ ಮೂಲೆಗೆ ಅಂಟಿಸಿ,” ಎಂದಳು ಗುಬ್ಬಿ. ಮೂವರೂ ನಕ್ಕರು.

ಕಾರ್ಖಾನೆಯ ಮೇಲ್ವಿಚಾರಕಿ ಬೆರಳು ತೋರಿಸುತ್ತ ತನ್ನವರನ್ನು ಎಣಿಸುತ್ತಿದ್ದಳು. ಎಣಿಸಿ ಮುಗಿಸಿ, ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ಅತ್ತೆಯ ಹತ್ತಿರ ಬಂದಳು.

“ಅಮ್ಮ, ಕೂಗಿದ್ದು ನೀವೇ ತಾನೇ? ಕೆಲಸದವರೆಲ್ಲ ಬಂದಿದ್ದಾರೆ. ಯಜಮಾನರು ಬಂದಿಲ್ಲ.”

“ಒಳಗಿದ್ರಾ ಅವರು?”

“ಇದ್ರು. ನಿಮ್ಮ ದನಿ ಕೇಳಿದ ತಕ್ಷಣ ಎದ್ರು. ನಾವೆಲ್ಲ ಬಾಗಿಲ ಕಡೆ ಬಂದ್ರೆ ಅವರು ಹಿಂದಿನ ಗೋದಾಮಿನ ಕಡೆ ಹೋದ್ರು. ಕರೆಯೋಣ ಅಂತ ನಾನೂ ಹಿಂದೆ ಹೋದೆ. ಕಾಗದದ ದೊಡ್ಡ ಉರುಳೆ ಒಂದನ್ನ ಪಕ್ಕಕ್ಕೆ ತಳ್ಳಿದ್ರು, ಟಾರ್ಚ್ ಹಚ್ಚಿದ್ರು, ಮೆಟ್ಟಿಲಿಳಿದು ಕೆಳಗೆ ಹೋದ್ರು.”

ಎಂಜಿನಿಯರರ ನಗು ಮುಖದ ಮೇಲೆಯೇ ಹೆಪ್ಪುಗಟ್ಟಿತು.

“ಎಲ್ಲಿಗೆ ಇಳಿದ್ರು ಅಂದೆ?”

“ಕೆಳಗೆ ಸಾರ್.”

“ಈ ಕಟ್ಟಡದ ಮೂಲೆಮೂಲೆ ಅಳೆದು ನಕ್ಷೆ ಬರೆದವನು ನಾನಮ್ಮ,” ಎಂದರು ಅವರು. “ಇದಕ್ಕೆ ಕೆಳಗೆ ಅನ್ನೋದೇ ಇಲ್ಲ.”